ಫೋನಿನಲ್ಲಿ ಕೇಳಿಸದ ಗಿಟಾರ್: ರಾಕ್ ಬ್ಯಾಂಡಿನಲ್ಲಿ ಬೇಸ್ ನುಡಿಸುವವನಿಗೆ ನಿಜಕ್ಕೂ ಕೆಲಸವೇ ಇಲ್ಲವೇ?

ರಾಕ್ ಬ್ಯಾಂಡ್‌ಗಳ ಬಗ್ಗೆ ಒಂದು ಹಳೆಯ ತಮಾಷೆ ಬೇರೆ ಬೇರೆ ರೂಪದಲ್ಲಿ ಫೋನಿನಿಂದ ಫೋನಿಗೆ ಸಾಗುತ್ತಲೇ ಇರುತ್ತದೆ. ಹಾಡುವವನು ಹೀರೋ, ಗಿಟಾರ್ ನುಡಿಸುವವನು ಸ್ಟಾರ್, ಡ್ರಮ್ ಬಾರಿಸುವವನು ಬಲಶಾಲಿ. ಪಕ್ಕದಲ್ಲಿ ನಾಲ್ಕು ದಪ್ಪ ತಂತಿಯ ಗಿಟಾರ್ ಹಿಡಿದು ನಿಂತವನ ಫೋಟೋ ಕೆಳಗೆ ಮಾತ್ರ ‘ಇವನ್ಯಾರು?’ ಎಂಬ ಪ್ರಶ್ನೆ. ನಗು ಬರುತ್ತದೆ, ಮುಂದಿನ ಗ್ರೂಪಿಗೆ ಕಳಿಸುತ್ತೇವೆ.

ಕಳಿಸುವ ಮೊದಲು ಒಂದು ಪ್ರಯೋಗ ಮಾಡಿ ನೋಡಿ. ಎರಡೇ ನಿಮಿಷ ಸಾಕು.

ನಿಮ್ಮ ಫೋನಿನಲ್ಲಿ ‘ಇಂಡಿಯನ್ ಓಶನ್’ ಎಂಬ ಬ್ಯಾಂಡಿನ ಯಾವುದಾದರೂ ಹಾಡು ಹಾಕಿ. ‘ಬ್ಲ್ಯಾಕ್ ಫ್ರೈಡೇ’ ಚಿತ್ರದ ‘ಬಂದೇ’ ಆಗಬಹುದು, ‘ಮಾ ರೇವಾ’ ಆಗಬಹುದು. ಮೊದಲು ಇಯರ್‌ಫೋನ್ ಇಲ್ಲದೆ, ಫೋನಿನ ಸ್ಪೀಕರಿನಲ್ಲೇ ಕೇಳಿ. ಆಮೇಲೆ ಒಳ್ಳೆಯ ಇಯರ್‌ಫೋನ್ ಹಾಕಿಕೊಂಡು ಅದೇ ಹಾಡನ್ನು ಮತ್ತೆ ಕೇಳಿ. ಎರಡನೇ ಸಲ ಹಾಡಿನ ಅಡಿಯಲ್ಲಿ ‘ಧುಂ... ಧುಂ...’ ಎಂದು ನಡೆದಾಡುವ ಒಂದು ದನಿ ಹೊಸದಾಗಿ ಬಂದಂತೆ ಅನ್ನಿಸುತ್ತದೆ. ಅದು ಹೊಸದಾಗಿ ಬಂದದ್ದಲ್ಲ, ಮೊದಲಿಂದಲೂ ಹಾಡಿನಲ್ಲಿ ಇತ್ತು. ನಿಮ್ಮ ಫೋನು ಅದನ್ನು ನಿಮಗೆ ಕೊಟ್ಟಿರಲಿಲ್ಲ, ಅಷ್ಟೆ.

ಆ ದನಿ ಬೇಸ್ ಗಿಟಾರಿನದು. ಅದನ್ನು ನುಡಿಸುವವರು ರಾಹುಲ್ ರಾಮ್.

ಯಾರಿವರು?

ಇಂಡಿಯನ್ ಓಶನ್ ದೆಹಲಿಯ ಬ್ಯಾಂಡ್. ಸುಸ್ಮಿತ್ ಸೇನ್ ಮತ್ತು ಅಶೀಮ್ ಚಕ್ರವರ್ತಿ 1990ರಲ್ಲಿ ಇದನ್ನು ಕಟ್ಟಿದರು. ರಾಹುಲ್ ರಾಮ್ ಮರುವರ್ಷ ಸೇರಿದರು. ತಬಲಾ, ಗಿಟಾರ್, ಡ್ರಮ್, ಜನಪದ ಹಾಡು ಎಲ್ಲವನ್ನೂ ಬೆರೆಸಿ ಇವರು ಮಾಡಿದ ಸಂಗೀತ ದೇಶದಲ್ಲೆಲ್ಲ ಹೆಸರಾಯಿತು. 2000ದಲ್ಲಿ ಬಂದ ‘ಕಂದೀಸಾ’ ಆಲ್ಬಮ್ ಇವರ ಅತ್ಯಂತ ಪ್ರಸಿದ್ಧ ಕೆಲಸ. ‘ಪೀಪ್ಲಿ ಲೈವ್’ (2010) ಚಿತ್ರದ ‘ದೇಸ್ ಮೇರಾ’ ಇವರದೇ. ‘ಮಸಾನ್’ (2015) ಚಿತ್ರದ ಸಂಗೀತವೂ ಇವರದೇ.

ರಾಹುಲ್ ರಾಮ್ ದೆಹಲಿಯವರಾದರೂ ಬೇರು ಕರ್ನಾಟಕದ್ದು. ಅವರ ತಂದೆ ಎಚ್.ವೈ. ಮೋಹನ್ ರಾಮ್, ದೆಹಲಿ ವಿಶ್ವವಿದ್ಯಾಲಯದಲ್ಲಿ ಹೆಸರಾಂತ ಸಸ್ಯಶಾಸ್ತ್ರ ಪ್ರಾಧ್ಯಾಪಕರಾಗಿದ್ದರು. ಹೆಸರಿನ ಮುಂದಿನ ‘ಎಚ್’ ಎಂದರೆ ಹಾಸನ ಜಿಲ್ಲೆಯ ಹೊಳೆನರಸೀಪುರ. ತಾತ ಎಚ್. ಯೋಗನರಸಿಂಹಂ ಕರ್ನಾಟಕ ಸಂಗೀತದ ವಾಗ್ಗೇಯಕಾರರು. ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿದ್ದ ಎಚ್.ವೈ. ಶಾರದಾ ಪ್ರಸಾದ್ ಇವರ ದೊಡ್ಡಪ್ಪ.

ಇಷ್ಟು ಓದಿದ ಕೂಡಲೇ ‘ಸಂಗೀತ ರಕ್ತದಲ್ಲೇ ಇತ್ತು’ ಎಂದು ಒಂದು ಫಾರ್ವರ್ಡ್ ತಯಾರಾಗಬಹುದು. ಸ್ವಲ್ಪ ತಡೆಯಿರಿ. ಇವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದ್ದು ಸಂಗೀತದಲ್ಲಲ್ಲ, ಪರಿಸರ ವಿಷವಿಜ್ಞಾನದಲ್ಲಿ. ಅಂದರೆ ನೀರು, ಮಣ್ಣು, ಗಾಳಿಯಲ್ಲಿ ಸೇರುವ ವಿಷವಸ್ತುಗಳ ಅಧ್ಯಯನ. ಅಲ್ಲಿಂದ ಬಂದು ನರ್ಮದಾ ಬಚಾವೋ ಆಂದೋಲನದಲ್ಲಿ ಕೆಲಸ ಮಾಡಿದರು. ನರ್ಮದೆಗೆ ರೇವಾ ಎಂಬ ಇನ್ನೊಂದು ಹೆಸರಿದೆ. ‘ಮಾ ರೇವಾ’ ಹಾಡು ಬ್ಯಾಂಡಿಗೆ ಬಂದದ್ದು ಆ ಕಣಿವೆಯಿಂದ. ಸಂಗೀತದ ಮನೆಯಲ್ಲಿ ಬೆಳೆದ ಮಗುವಿನ ಕಿವಿಗೆ ಸಂಗೀತ ಹೆಚ್ಚು ಬೀಳುತ್ತದೆ, ನಿಜ. ಆದರೆ ಅದರಲ್ಲಿ ರಕ್ತದ ಪಾಲೆಷ್ಟು, ಮನೆಯ ವಾತಾವರಣದ ಪಾಲೆಷ್ಟು, ಅಭ್ಯಾಸದ ಪಾಲೆಷ್ಟು ಎಂದು ಒಬ್ಬ ವ್ಯಕ್ತಿಯನ್ನು ನೋಡಿ ಬೇರ್ಪಡಿಸಲು ಆಗುವುದಿಲ್ಲ.

ಇಂಡಿಯನ್ ಓಶನ್ ಎಂದರೆ ಈಗ ಬಹಳ ಜನರಿಗೆ ಮೊದಲು ನೆನಪಾಗುವ ಮುಖ ಉದ್ದ ಕೂದಲಿನ ಈ ಬೇಸ್ ವಾದಕನದೇ. ಅವರು ಹಾಡುತ್ತಾರೆ, ಪ್ರೇಕ್ಷಕರ ಜೊತೆ ಮಾತಾಡುತ್ತಾರೆ, ಹಾಗಾಗಿ ಎದ್ದು ಕಾಣುತ್ತಾರೆ. ಆದರೆ ಅವರ ಕೈಯಲ್ಲಿರುವ ವಾದ್ಯ ಮಾತ್ರ ಎದ್ದು ಕೇಳುವಂಥದ್ದಲ್ಲ. ಹಾಗಿದ್ದರೆ ಅದು ಯಾಕೆ ಬೇಕು?

ನಾಲ್ಕು ತಂತಿಯ ಲೆಕ್ಕ

ಯಾವ ದನಿಯೂ ಕಂಪನವೇ. ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದನ್ನು ಹರ್ಟ್ಜ್‌ನಲ್ಲಿ ಅಳೆಯುತ್ತಾರೆ. ಬೇಸ್ ಗಿಟಾರಿನ ಅತ್ಯಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಉಳಿದ ಮೂರು ತಂತಿಗಳು ಸುಮಾರು 55, 73 ಮತ್ತು 98 ಸಲ. ಮಾಮೂಲಿ ಗಿಟಾರಿನ ದಪ್ಪ ತಂತಿ 82 ಹರ್ಟ್ಜ್, ಅಂದರೆ ಸರಿಯಾಗಿ ಎರಡರಷ್ಟು.

ಫೋನಿನ ಸ್ಪೀಕರ್ ಉಗುರಿನಷ್ಟು ಅಗಲ. ಇಷ್ಟು ನಿಧಾನದ ಕಂಪನಕ್ಕೆ ಬಹಳಷ್ಟು ಗಾಳಿಯನ್ನು ಹಿಂದೆ ಮುಂದೆ ತಳ್ಳಬೇಕು. ಅಷ್ಟು ಸಣ್ಣ ಹಾಳೆಗೆ ಅದು ಆಗದ ಕೆಲಸ. ಆದ್ದರಿಂದ ಕೆಲವು ನೂರು ಹರ್ಟ್ಜ್‌ಗಿಂತ ಕೆಳಗಿನ ದನಿ ಫೋನಿನಲ್ಲಿ ಬಹುತೇಕ ಸೋರಿಹೋಗುತ್ತದೆ.

ಇನ್ನೊಂದು ಕಾರಣ ನಮ್ಮ ಕಿವಿಯೇ. ಅದು ಎಲ್ಲ ದನಿಗಳನ್ನೂ ಒಂದೇ ಸಮ ಕೇಳಿಸಿಕೊಳ್ಳುವುದಿಲ್ಲ. 2,000ದಿಂದ 5,000 ಹರ್ಟ್ಜ್ ನಡುವಿನ ದನಿಗೆ ಅದು ಬಹಳ ಚುರುಕು. 40 ಹರ್ಟ್ಜ್‌ನ ದನಿಯಾದರೆ ಸುಮಾರು 50 ಡೆಸಿಬೆಲ್ ಮುಟ್ಟುವವರೆಗೆ ಕೇಳಿಸುವುದೇ ಇಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಕಿವಿಯ ಈ ಪಕ್ಷಪಾತವನ್ನು ಅಳೆದು ತೋರಿಸಿದರು. ವಾಲ್ಯೂಮ್ ಕಡಿಮೆ ಮಾಡಿದಾಗ ಮೊದಲು ಮಾಯವಾಗುವುದು ಬೇಸ್ ದನಿ ಎಂಬುದಕ್ಕೆ ಇದೇ ಕಾರಣ.

ಇಲ್ಲದ ದನಿಯನ್ನು ಮೆದುಳು ಕೇಳಿಸುವ ಬಗೆ

ಹಾಗಾದರೆ ಫೋನಿನಲ್ಲಿ ಹಾಡು ಪೂರ್ತಿ ಕೆಟ್ಟು ಹೋಗಬೇಕಿತ್ತಲ್ಲ? ಹೋಗುವುದಿಲ್ಲ. ಇಲ್ಲಿ ನಮ್ಮ ಮೆದುಳು ಒಂದು ಚಮತ್ಕಾರ ಮಾಡುತ್ತದೆ.

41 ಹರ್ಟ್ಜ್‌ನ ತಂತಿ ಮೀಟಿದಾಗ ಅದೊಂದೇ ಕಂಪನ ಬರುವುದಿಲ್ಲ. ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಹೀಗೆ ಮೇಲಿನ ಕಂಪನಗಳೂ ಜೊತೆಗೇ ಹೊರಡುತ್ತವೆ. ಫೋನು ಕೆಳಗಿನವನ್ನು ಬಿಟ್ಟು ಮೇಲಿನವನ್ನು ಮಾತ್ರ ಕೊಟ್ಟರೂ, ಅವುಗಳ ನಡುವಿನ ಅಂತರ ನೋಡಿ ‘ಇದರ ಬುಡ 41 ಇರಬೇಕು’ ಎಂದು ಮೆದುಳು ಲೆಕ್ಕ ಹಾಕಿ, ಆ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ.

ಇದು ನಿಮಗೆ ಗೊತ್ತಿರುವ ಅನುಭವವೇ. ಹಳೆಯ ಲ್ಯಾಂಡ್‌ಲೈನ್ ಫೋನು 300ರಿಂದ 3,400 ಹರ್ಟ್ಜ್‌ವರೆಗಿನ ದನಿಯನ್ನಷ್ಟೇ ಸಾಗಿಸುತ್ತಿತ್ತು. ಗಂಡಸರ ಮಾತಿನ ಮೂಲ ದನಿ ಸಾಮಾನ್ಯವಾಗಿ 85ರಿಂದ 180 ಹರ್ಟ್ಜ್ ಒಳಗೆ ಇರುತ್ತದೆ. ಅಂದರೆ ಅಪ್ಪನ ಮೂಲ ದನಿ ತಂತಿಯಲ್ಲಿ ಬರುತ್ತಲೇ ಇರಲಿಲ್ಲ. ಆದರೂ ‘ಹಲೋ’ ಅಂದ ಕೂಡಲೇ ಅಪ್ಪ ಎಂದು ಗೊತ್ತಾಗುತ್ತಿತ್ತು, ಅದೂ ಗಂಡು ದನಿಯಲ್ಲೇ.

‘ಬೇಸ್ ಬೂಸ್ಟರ್’ ಆ್ಯಪ್‌ಗಳ ಗುಟ್ಟನ್ನೂ ಇಲ್ಲೇ ಹೇಳಿಬಿಡಬಹುದು. ಯಾವ ಆ್ಯಪ್ ಹಾಕಿದರೂ ಉಗುರಿನಷ್ಟು ಸ್ಪೀಕರ್ ಡಿಜೆ ಪೆಟ್ಟಿಗೆ ಆಗುವುದಿಲ್ಲ. ಕೆಲವು ತಂತ್ರಗಳು ಮೇಲಿನ ಕಂಪನಗಳನ್ನು ಹೆಚ್ಚಿಸಿ ಮೆದುಳಿಗೆ ಬೇಸ್ ಇದೆ ಎಂಬ ಭ್ರಮೆ ಹುಟ್ಟಿಸುತ್ತವೆ. ಉಳಿದವು ಸ್ಪೀಕರಿನ ಮೇಲೆ ಭಾರ ಹಾಕಿ ಕರಕರ ಅನ್ನಿಸುತ್ತವೆ.

ರಾಗ ಮೇಲಿನವನಿಗೆ, ಲಯ ಕೆಳಗಿನವನಿಗೆ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಸರಿಯಾಗಿ ಕೇಳಿಸದ ವಾದ್ಯ ಬ್ಯಾಂಡಿಗೆ ಯಾಕೆ ಬೇಕು?

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಲಾರೆಲ್ ಟ್ರೇನರ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ಒಂದು ಮೇಲಿನ ಸ್ವರ, ಒಂದು ಕೆಳಗಿನ ಸ್ವರ, ಎರಡನ್ನೂ ಒಟ್ಟಿಗೆ ಒಂದೇ ಲಯದಲ್ಲಿ ಕೇಳಿಸಿದರು. ಆಗಾಗ ಒಂದು ಸ್ವರ ಮಾತ್ರ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಮೊದಲೇ ಬರುವಂತೆ ಮಾಡಿ, ಕೇಳುವವರ ಮೆದುಳಿನ ಪ್ರತಿಕ್ರಿಯೆಯನ್ನು ದಾಖಲಿಸಿದರು. ಕೆಳಗಿನ ಸ್ವರದ ಲಯ ತಪ್ಪಿದಾಗ ಮೆದುಳು ಹೆಚ್ಚು ಬಲವಾಗಿ ಎಚ್ಚೆತ್ತಿತು. ಬೆರಳಿನಿಂದ ತಾಳ ಹಾಕಲು ಹೇಳಿದಾಗಲೂ ಜನರ ಬೆರಳು ಕೆಳಗಿನ ಸ್ವರವನ್ನೇ ಹೆಚ್ಚು ಹಿಂಬಾಲಿಸಿತು. ಈ ಅಧ್ಯಯನ 2014ರಲ್ಲಿ ಪ್ರಕಟವಾಯಿತು.

ರಾಗದ ವಿಷಯದಲ್ಲಿ ಮಾತ್ರ ತಿರುವುಮುರುವು. ಎರಡು ರಾಗ ಒಟ್ಟಿಗೆ ನಡೆಯುವಾಗ ಮೇಲಿನ ದನಿಯಲ್ಲಾದ ತಪ್ಪು ನಮಗೆ ಬೇಗ ಗೊತ್ತಾಗುತ್ತದೆ. ಕೆಲವೇ ತಿಂಗಳ ಕೂಸುಗಳ ಮೆದುಳಿನಲ್ಲೂ ಇದು ಕಂಡುಬಂದಿದೆ.

ಅಂದರೆ ನಮ್ಮ ಕಿವಿಯೇ ಕೆಲಸ ಹಂಚಿಬಿಟ್ಟಿದೆ. ಮೇಲಿನ ದನಿಯಿಂದ ರಾಗ ಹಿಡಿಯುತ್ತದೆ, ಕೆಳಗಿನ ದನಿಯಿಂದ ಲಯ ಹಿಡಿಯುತ್ತದೆ. ಹಾಡು ಮುಗಿದ ಮೇಲೆ ನಾವು ಗುನುಗುವುದು ರಾಗವನ್ನು, ಅದಕ್ಕೇ ಹಾಡಿದವನ ಹೆಸರು ನೆನಪಿರುತ್ತದೆ. ಹಾಡು ನಡೆಯುವಾಗ ಕಾಲು ಕುಣಿಸಿದವನು ಬೇರೆ, ಅವನ ಹೆಸರು ಯಾರೂ ಕೇಳುವುದಿಲ್ಲ.

ಅದೇ ವಿಶ್ವವಿದ್ಯಾಲಯದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನಿಜವಾದ ಸಂಗೀತ ಕಾರ್ಯಕ್ರಮವೊಂದರಲ್ಲಿ, ಜನರಿಗೆ ಗೊತ್ತಾಗದಷ್ಟು ಕೆಳಗಿನ ದನಿಯನ್ನು (8ರಿಂದ 37 ಹರ್ಟ್ಜ್) ಎರಡೂವರೆ ನಿಮಿಷಕ್ಕೊಮ್ಮೆ ಹಾಕಿ, ಆರಿಸಿ ನೋಡಿದರು. ಅದು ಹಾಕಿದ್ದಾಗ ಜನರ ಕುಣಿತ ಸುಮಾರು ಶೇ. 12ರಷ್ಟು ಹೆಚ್ಚಿತ್ತು. ಇದು ಪ್ರಕಟವಾದದ್ದು 2022ರಲ್ಲಿ.

ನಮ್ಮ ಕಡೆಯ ಭಜನೆಯಲ್ಲೂ ಇದೇ ಲೆಕ್ಕ. ಪೇಟಿಯವರು, ಹಾಡುವವರು ಮುಂದೆ ಇರುತ್ತಾರೆ. ತಬಲಾದ ಎಡಗೈಯ ಡಗ್ಗಾ ಮಾತ್ರ ನಿಲ್ಲಿಸಿ ನೋಡಿ. ರಾಗ ಹಾಗೇ ಇರುತ್ತದೆ, ಪದವೂ ಹಾಗೇ ಇರುತ್ತದೆ, ಆದರೆ ತಲೆದೂಗುವುದು ನಿಲ್ಲುತ್ತದೆ. ಮೆರವಣಿಗೆಯಲ್ಲಿ ಸನಾದಿ ಕೇಳಿ ‘ಚಂದ ಊದಿದ’ ಅನ್ನುತ್ತೇವೆ, ಹೆಜ್ಜೆ ಹಾಕುವುದು ಮಾತ್ರ ಡೊಳ್ಳಿಗೆ.

ಗೋಡೆ ದಾಟುವ ದನಿ

ವಾಡಿ ಜಂಕ್ಷನ್ ಹತ್ತಿರ ಇರುವವರಿಗೆ ಇದು ಗೊತ್ತು: ಸಿಮೆಂಟ್ ತುಂಬಿದ ಗೂಡ್ಸ್ ಗಾಡಿ ಬರುವಾಗ ಕಿವಿಗಿಂತ ಮೊದಲು ಕಾಲಿಗೆ, ಕಿಟಕಿಗೆ ಗೊತ್ತಾಗುತ್ತದೆ. ಚಿಂಚೋಳಿ ಕಡೆಯ ಹಳ್ಳಿಯಲ್ಲಿ ಮದುವೆ ಡಿಜೆ ಹಚ್ಚಿದರೆ, ದೂರದ ಹೊಲದಲ್ಲಿ ನಿಂತವರಿಗೆ ಹಾಡಿನ ಪದ ಕೇಳುವುದಿಲ್ಲ, ‘ಧುಂ ಧುಂ’ ಮಾತ್ರ ಕೇಳುತ್ತದೆ.

ಕಾರಣ ಅಲೆಯ ಉದ್ದ. 41 ಹರ್ಟ್ಜ್‌ನ ದನಿಯ ಒಂದು ಅಲೆ ಗಾಳಿಯಲ್ಲಿ ಸುಮಾರು 8 ಮೀಟರ್ ಉದ್ದ, ಒಂದು ಲಾರಿಯಷ್ಟು. 3,000 ಹರ್ಟ್ಜ್‌ನ ಅಲೆ ಸುಮಾರು 11 ಸೆಂಟಿಮೀಟರ್, ಅಂಗೈ ಅಗಲ. ಸಣ್ಣ ಅಲೆಯನ್ನು ಗೋಡೆ, ಗಿಡ, ಗಾಳಿ ಎಲ್ಲವೂ ತಡೆಯುತ್ತವೆ ಇಲ್ಲವೇ ಹೀರುತ್ತವೆ. ಉದ್ದದ ಅಲೆ ಅವನ್ನು ಬಳಸಿಕೊಂಡು, ದಾಟಿಕೊಂಡು ಹೋಗುತ್ತದೆ.

ಬೇಸ್ ಬಗ್ಗೆ ಓಡಾಡುವ ಎರಡು ಮಾತು

ಒಂದು: ‘ಡಿಜೆ ಬೇಸ್‌ಗೆ ಹೃದಯ ನಿಂತುಹೋಗುತ್ತದೆ.’ ಕುಣಿಯುತ್ತಲೇ ಯಾರಾದರೂ ಕುಸಿದು ಬಿದ್ದ ವಿಡಿಯೋ ಜೊತೆ ಈ ಮಾತು ಬರುತ್ತದೆ. ದೊಡ್ಡ ಸ್ಪೀಕರ್ ಮುಂದೆ ಎದೆ ನಡುಗುವುದು ನಿಜ, ಕೆಳಗಿನ ದನಿ ಎದೆಗೂಡನ್ನೇ ಕಂಪಿಸುವಂತೆ ಮಾಡುತ್ತದೆ. ಆದರೆ ಆ ನಡುಕ ಹೃದಯದ ಬಡಿತವಲ್ಲ. ಬೇಸ್ ದನಿಯೊಂದೇ ಆರೋಗ್ಯವಂತರ ಹೃದಯವನ್ನು ನಿಲ್ಲಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ. ಕುಸಿದವರಿಗೆ ಗೊತ್ತಿಲ್ಲದ ಹೃದಯದ ತೊಂದರೆ ಇರಬಹುದು, ಅದರ ಮೇಲೆ ಬಿಸಿಲು, ಆಯಾಸ, ನೀರಿಲ್ಲದಿರುವುದು ಸೇರಿರಬಹುದು.

ಆ ಹೊತ್ತಿನಲ್ಲಿ ವಿಡಿಯೋ ಮಾಡುವುದಕ್ಕಿಂತ ಮುಖ್ಯವಾದ ಕೆಲಸ ಬೇರೆ ಇದೆ. ಬಿದ್ದವರು ಮಾತಾಡಿಸಿದರೆ ಮಿಸುಕುತ್ತಿಲ್ಲ, ಸರಿಯಾಗಿ ಉಸಿರಾಡುತ್ತಿಲ್ಲ ಎಂದಾದರೆ ಕೂಡಲೇ 108ಕ್ಕೆ ಕರೆ ಮಾಡಿಸಿ. ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ಸುಮಾರು 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲದಂತೆ ಒತ್ತುತ್ತಿರಿ. ಆಂಬುಲೆನ್ಸ್ ಬರುವವರೆಗೆ ಬಿಡಬೇಡಿ. ಈ ವೇಗ ಹಿಡಿಯುವುದಕ್ಕೂ ಬೇಸ್ ನೆರವಾಗುತ್ತದೆ. ಲಂಡನ್ನಿನ ‘ಕ್ವೀನ್’ ಬ್ಯಾಂಡಿನ ಬೇಸ್ ವಾದಕ ಜಾನ್ ಡೀಕನ್ ಬರೆದ, 1980ರ ‘ಅನದರ್ ಒನ್ ಬೈಟ್ಸ್ ದ ಡಸ್ಟ್’ ಹಾಡಿನ ಲಯ ಸರಿಯಾಗಿ ಈ ವೇಗದಲ್ಲಿದೆ. ಆ ಹಾಡನ್ನು ಜನ ಗುರುತು ಹಿಡಿಯುವುದೂ ಅದರ ಬೇಸ್‌ನಿಂದಲೇ.

ಎರಡು: ‘ಚೀರುವ ದನಿ ಕಿವಿ ಕೆಡಿಸುತ್ತದೆ, ಬೇಸ್ ಏನೂ ಮಾಡುವುದಿಲ್ಲ.’ ಇದು ಅರ್ಧ ಸತ್ಯ, ಅದಕ್ಕೇ ಹೆಚ್ಚು ಅಪಾಯಕಾರಿ. ಒಂದೇ ಮಟ್ಟದ ದನಿಯಾದರೆ ಮೇಲಿನ ದನಿಯೇ ಕಿವಿಗೆ ಹೆಚ್ಚು ಹಾನಿ ಮಾಡುತ್ತದೆ. ಆದರೆ ಡಿಜೆಯಲ್ಲಿ ಬೇಸ್ ಒಂದೇ ಬರುವುದಿಲ್ಲ. ಕಿವಿಗೆ ಬೇಸ್ ಮಂದವಾಗಿ ಕೇಳುತ್ತದೆ ಎಂದು ಒಟ್ಟು ದನಿಯನ್ನೇ ಏರಿಸುತ್ತಾರೆ. ಬೇಸ್ ಎದೆಗೆ ತಾಗುವ ಹೊತ್ತಿಗೆ, ಉಳಿದ ದನಿ ಕಿವಿಯ ಮಿತಿ ದಾಟಿರುತ್ತದೆ.

ಕಿವಿ ಮೊದಲು ಕಳೆದುಕೊಳ್ಳುವುದು ಏನನ್ನು?

ಕಿವಿಯ ಒಳಗೆ ದನಿಯನ್ನು ಹಿಡಿಯುವ ಸೂಕ್ಷ್ಮ ರೋಮಕೋಶಗಳಿವೆ. ಇವು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಗದ್ದಲದಿಂದ ಮೊದಲು ಸಾಯುವುದು 3,000ದಿಂದ 6,000 ಹರ್ಟ್ಜ್ ಹಿಡಿಯುವ ಕೋಶಗಳು. ಸ, ಶ, ತ, ಕ ಮುಂತಾದ ವ್ಯಂಜನಗಳನ್ನು ಒಂದರಿಂದೊಂದು ಬೇರ್ಪಡಿಸಲು ನಮಗೆ ಬೇಕಾಗಿರುವುದು ಈ ಮೇಲಿನ ದನಿಗಳೇ. ಕೆಳಗಿನ ದನಿ ಮಾತ್ರ ಬಹುಕಾಲ ಉಳಿಯುತ್ತದೆ.

ಅದಕ್ಕೇ ಕಿವಿ ಮಂದವಾದವರು ‘ದನಿ ಕೇಳ್ತದ, ಏನಂದಿ ತಿಳಿವಲ್ದು’ ಎನ್ನುವುದು. ಶಹಾಬಾದಿನ ಕಲ್ಲು ಕತ್ತರಿಸುವ, ಪಾಲಿಶ್ ಮಾಡುವ ಮಷಿನ್ ಮುಂದೆ, ಚಿತ್ತಾಪುರದ ಕಲ್ಲಿನ ಗಣಿಯಲ್ಲಿ, ವಾಡಿ ಮತ್ತು ಸೇಡಂನ ಸಿಮೆಂಟ್ ಕಾರ್ಖಾನೆಗಳಲ್ಲಿ ವರ್ಷಗಟ್ಟಲೆ ದುಡಿದವರ ಮನೆಯಲ್ಲಿ ಈ ಮಾತು ಹೊಸದೇನಲ್ಲ. ಮನೆಯವರು ‘ಲಕ್ಷ್ಯ ಕೊಡಲ್ಲ’ ಎಂದು ಸಿಟ್ಟಾಗುತ್ತಾರೆ. ಲಕ್ಷ್ಯ ಇರುತ್ತದೆ, ವ್ಯಂಜನ ಕೇಳುವುದಿಲ್ಲ. ಟಿವಿ ವಾಲ್ಯೂಮ್ ಏರಿಸಿದರೂ ಪ್ರಯೋಜನ ಕಡಿಮೆ. ಎದುರು ಕೂತು, ಮುಖ ಕಾಣುವಂತೆ, ನಿಧಾನವಾಗಿ ಮಾತಾಡಿದರೆ ಹೆಚ್ಚು ತಿಳಿಯುತ್ತದೆ.

ದಿನವಿಡೀ ಮಷಿನ್ ಸದ್ದಿನಲ್ಲಿ ದುಡಿದ ಹುಡುಗನೇ ರಾತ್ರಿ ಡಿಜೆ ಪೆಟ್ಟಿಗೆ ಮುಂದೆ ಕುಣಿದರೆ ಎರಡು ಲೆಕ್ಕವೂ ಒಂದೇ ಕಿವಿಯ ಖಾತೆಗೆ ಸೇರುತ್ತವೆ. ಆರೋಗ್ಯ ತಜ್ಞರು ಬಳಸುವ ಲೆಕ್ಕ ಸರಳವಾಗಿದೆ:

- 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಮಿತಿ.
- ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಸಮಯ ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ.
- 100 ಡೆಸಿಬೆಲ್ ಮುಟ್ಟಿದರೆ 15 ನಿಮಿಷ ಮಾತ್ರ.

ಅಳೆಯುವ ಯಂತ್ರ ಬೇಕಿಲ್ಲ. ಒಂದು ತೋಳು ದೂರದಲ್ಲಿರುವವರ ಜೊತೆ ಕೂಗಿ ಮಾತಾಡಬೇಕಾದರೆ ಆ ಸದ್ದು ಕಿವಿಗೆ ಹೆಚ್ಚಾಯಿತು ಎಂದೇ ತಿಳಿಯಿರಿ. ಸ್ಪೀಕರಿನಿಂದ ದೂರ ನಿಲ್ಲಿ, ನಡುನಡುವೆ ಹೊರಗೆ ಹೋಗಿ ಬನ್ನಿ, ಕೂಸುಗಳನ್ನು ಹತ್ತಿರ ಒಯ್ಯಬೇಡಿ. ಕೆಲಸದ ಜಾಗದಲ್ಲಿ ಇಯರ್‌ಪ್ಲಗ್ ಕೇಳಿ ಪಡೆಯಿರಿ, ಹತ್ತಿ ತುರುಕಿದರೆ ಸಾಲದು. ಕುಣಿದು ಬಂದ ಮೇಲೆ ಕಿವಿಯಲ್ಲಿ ‘ಗುಂಯ್’ ಎನ್ನುವುದು ಎಚ್ಚರಿಕೆಯ ಗಂಟೆ. ಅದು ಮರುದಿನವೂ ಹೋಗದಿದ್ದರೆ, ಇಲ್ಲವೇ ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ, ಕಿವಿಗೆ ಎಣ್ಣೆ ಬಿಡದೆ ಕೂಡಲೇ ಕಿವಿ-ಮೂಗು-ಗಂಟಲು ವೈದ್ಯರನ್ನು ನೋಡಿ. ಮೈಸೂರಿನಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ತೊಂದರೆಗಳಿಗೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ.

ಹಾಗಾದರೆ ಎದ್ದು ಕಾಣುವವನು ಯಾರು?

ಬ್ಯಾಂಡಿನಲ್ಲಿ ಒಬ್ಬನು ಎದ್ದು ಕಾಣುವುದಕ್ಕೆ ಅವನ ಪ್ರತಿಭೆ ಒಂದೇ ಕಾರಣವಲ್ಲ. ನಮ್ಮ ಕಿವಿ ಮೇಲಿನ ದನಿಯ ಪಕ್ಷಪಾತಿ, ನಮ್ಮ ಫೋನು ಕೆಳಗಿನ ದನಿಯನ್ನು ನುಂಗುತ್ತದೆ, ನಮ್ಮ ನೆನಪು ರಾಗವನ್ನೇ ಹಿಡಿದಿಡುತ್ತದೆ. ಈ ಮೂರೂ ಸೇರಿ ಒಬ್ಬನನ್ನು ಹೀರೋ ಮಾಡಿ, ಇನ್ನೊಬ್ಬನನ್ನು ‘ಇವನ್ಯಾರು?’ ಮಾಡುತ್ತವೆ. ರಾಹುಲ್ ರಾಮ್ ಹಾಡಿ, ಮಾತಾಡಿ ಆ ಪ್ರಶ್ನೆಯಿಂದ ಪಾರಾದ ಅಪರೂಪದ ಬೇಸ್ ವಾದಕ. ಉಳಿದ ಬಹಳಷ್ಟು ಬೇಸ್ ವಾದಕರ, ನಮ್ಮೂರಿನ ಭಜನೆಯಲ್ಲಿ ಡಗ್ಗಾ ಬಾರಿಸುವವರ ಹೆಸರು ನಮಗೆ ಗೊತ್ತಿರುವುದಿಲ್ಲ.

ಮುಂದಿನ ಸಲ ಆ ತಮಾಷೆಯ ಫೋಟೋ ಬಂದರೆ ನಗಿ, ತಪ್ಪಿಲ್ಲ. ಆದರೆ ಕಳಿಸುವಾಗ ಒಂದು ಸಾಲು ಸೇರಿಸಿ: ‘ಇಯರ್‌ಫೋನ್ ಹಾಕಿ, ಸಣ್ಣ ದನಿಯಲ್ಲಿ ಕೇಳಿ. ಆಗ ಇವನು ಯಾರೆಂದು ಗೊತ್ತಾಗುತ್ತದೆ.’